ಸೀಮಂತದವರೆಗೆ ಕಾಯಬೇಡಿ: ಬಸುರಿಯ ಶುಗರ್ ಸುಳಿವು ಮೊದಲೇ ಹಿಡಿಯುವುದು ಹೇಗೆ?

ಬಸುರಿಯರಲ್ಲಿ ಶುಗರ್ ಪತ್ತೆಯಾಗುವುದು ಹೆಚ್ಚಾಗಿ 24ರಿಂದ 28ನೇ ವಾರದ ನಡುವೆ, ಅಂದರೆ ಸೀಮಂತಕ್ಕೆ ಸೀರೆ ಆರಿಸುವ ಹೊತ್ತಿಗೆ. ಮಾಸು ಬೆಳೆದಂತೆ ಅದು ಬಿಡುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಅದಕ್ಕೇ ಆಗ ಶುಗರ್ ಏರುತ್ತದೆ. ಆದರೆ ಸುಳಿವು ಎಷ್ಟೋ ಸಲ ವಾಂತಿ ನಿಲ್ಲುವ ಮೊದಲೇ ರಕ್ತದಲ್ಲಿ ಇರುತ್ತದೆ.

ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳಿ. ಅಪ್ಪ ಅಮ್ಮನಿಗೆ ಶುಗರ್ ಇದೆಯಾ, ಪಿಸಿಒಡಿ (ಅಂಡಾಶಯದ ಹಾರ್ಮೋನು ತೊಂದರೆ) ಇತ್ತಾ, ಹಿಂದಿನ ಮಗು ಹುಟ್ಟುವಾಗ ತೂಕ ಜಾಸ್ತಿ ಇತ್ತಾ? ಇದಕ್ಕೆ ದುಡ್ಡು ಬೇಡ, ಸೂಜಿ ಬೇಡ. ಅತ್ತೆ ಪಕ್ಕದಲ್ಲಿದ್ದಾರೆ ಅಂತ ತವರಿನ ಶುಗರ್ ಮುಚ್ಚಿಡುವವರೂ ಇದ್ದಾರೆ!

ಆಮೇಲೆ ಖಾಲಿ ಹೊಟ್ಟೆಯ ಶುಗರ್, ಮತ್ತು ಎರಡು–ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ. ಖಾಲಿ ಹೊಟ್ಟೆಯಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ ಸಕ್ಕರೆ 126 ಮಿಲಿಗ್ರಾಂ ಮುಟ್ಟಿದರೆ, ಅಥವಾ ಎಚ್‌ಬಿಎ1ಸಿ ಶೇ 6.5 ಮುಟ್ಟಿದರೆ, ಕಾಯಿಲೆ ಬಸುರಿಗಿಂತ ಮೊದಲೇ ಇತ್ತು ಎಂದೇ ಲೆಕ್ಕ. ಖಾಲಿ ಹೊಟ್ಟೆಯ ಸಕ್ಕರೆ 92 ಅಥವಾ ಮೇಲಿದ್ದರೆ ಕಣ್ಣಿಡಬೇಕು. ಮೊದಲ ಮೂರು ತಿಂಗಳಲ್ಲೇ ಈ 92ನ್ನು ಕಾಯಿಲೆ ಅನ್ನಬೇಕೋ ಬೇಡವೋ ಎಂದು ಡಾಕ್ಟರರಲ್ಲೇ ಜಗಳವಿದೆ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೂ ಎಚ್ಚರಿಕೆಯೇ. ಒಂದು ಮಾತು: ಕಬ್ಬಿಣದ ಕೊರತೆಯಿದ್ದರೆ ಈ ಅಂಕಿ ಸುಮ್ನೆ ಮೇಲಕ್ಕೆ ತೋರಬಹುದು. ಪಕ್ಕದಲ್ಲಿ ಹಿಮೋಗ್ಲೋಬಿನ್ ಇಟ್ಟುಕೊಂಡೇ ಓದಬೇಕು.

11ರಿಂದ 13ನೇ ವಾರದಲ್ಲಿ ಡಬಲ್ ಮಾರ್ಕರ್ (ಮಗುವಿಗೆ ಡೌನ್ ಸಿಂಡ್ರೋಮಿನಂಥ ದೋಷದ ಸಾಧ್ಯತೆ ನೋಡುವ ರಕ್ತಪರೀಕ್ಷೆ) ಮಾಡಿಸಿದ್ದೀರಾ? ಆ ರಿಪೋರ್ಟ್ ಮತ್ತೆ ತೆಗೆಯಿರಿ. ಅದರಲ್ಲಿ ಪ್ಯಾಪ್-ಎ (ಮಾಸು ಬಿಡುವ ಒಂದು ಪ್ರೋಟೀನ್) ಎಂಬ ಸಾಲಿದೆ, ಮುಂದೆ ಎಂಒಎಂ ಎಂದು ಅಂಕಿ, ಅಂದರೆ ನಡುಮಟ್ಟದ ಎಷ್ಟು ಪಟ್ಟು ಎಂಬ ಲೆಕ್ಕ. 1 ಅಂದರೆ ನಡುಮಟ್ಟ. ಅದು ತುಂಬಾ ಕೆಳಗಿದ್ದವರಲ್ಲಿ ಮುಂದೆ ಶುಗರ್ ಬರುವುದು ಜಾಸ್ತಿ ಎಂದು ಅಧ್ಯಯನಗಳು ಹೇಳುತ್ತವೆ. ಹಾಗಂತ ಬರೀ ಇದನ್ನು ನೋಡಿ ಗಾಬರಿಯಾಗುವುದು ಬೇಡ, ಡಾಕ್ಟರಿಗೆ ತೋರಿಸಿದರೆ ಸಾಕು.

ಇನ್ನು ರಕ್ತದಲ್ಲಿರುವ ಎರಡು ಪ್ರೋಟೀನುಗಳು: ಅಡಿಪೊನೆಕ್ಟಿನ್, ಎಸ್‌ಎಚ್‌ಬಿಜಿ. ಮೊದಲನೆಯದನ್ನು ಕೊಬ್ಬಿನ ಕೋಶಗಳು, ಎರಡನೆಯದನ್ನು ಲಿವರ್ ತಯಾರಿಸುತ್ತವೆ. ಎರಡೂ ಕಡಿಮೆಯಿದ್ದಷ್ಟೂ ಅಪಾಯ ಜಾಸ್ತಿ. ಸಂಶೋಧನೆಯಲ್ಲಿ ಭರವಸೆಯ ಹೆಸರುಗಳು ನಿಜ, ಆದರೆ ಎಲ್ಲರೂ ಒಪ್ಪಿದ ಗಡಿ ಅಂಕಿ ಇಲ್ಲ. ಪ್ಯಾಕೇಜ್ ಅಂತ ಯಾರಾದರೂ ಮಾರಲು ಬಂದರೆ ನಾನಾದರೆ ದುಡ್ಡು ಬಿಚ್ಚುವುದಿಲ್ಲ.

ಹಾಲು, ಮೊಸರಿನಂಥವುಗಳಿಂದ ಸಿಗುವ ವಿಟಮಿನ್ ಬಿ12 ಬಗ್ಗೆ ಮಾತ್ರ ನಮ್ಮೂರ ಕಡೆಯದೇ ಕಥೆ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, ಅಲ್ಲಿ 1997–98ರಲ್ಲಿ ಬಸುರಿಯರ ಅಧ್ಯಯನ ಶುರುವಾಯಿತು. ಅವರಲ್ಲಿ ಶೇ 43ರಷ್ಟು ಮಂದಿಗೆ ಬಿ12 ಕೊರತೆ. ಕೊರತೆ ಇದ್ದವರಲ್ಲಿ ಬಸುರಿ ಶುಗರ್ ಬಂದವರ ಪ್ರಮಾಣ ಸುಮಾರು ದುಪ್ಪಟ್ಟು. ಆದರೆ ರಕ್ತ ತೆಗೆದದ್ದು 30ನೇ ವಾರದ ಹೊತ್ತಿಗೆ. ಹಾಗಾಗಿ ಇದನ್ನು ಮುನ್ಸೂಚನೆ ಅನ್ನಲಾಗದು. ಹಾಲು, ಮೊಸರು ಮುಟ್ಟದವರು ಪರೀಕ್ಷೆ ಮಾಡಿಸಿದರೆ ನಷ್ಟವಂತೂ ಇಲ್ಲ, ಅಲ್ವಾ?

ಕೊನೆಗೆ ಗ್ಲೂಕೋಸ್ ನೀರು ಕುಡಿಸಿ ಮಾಡುವ ಪರೀಕ್ಷೆ. ನಮ್ಮ ಸರ್ಕಾರಿ ಕ್ರಮದಲ್ಲಿ ಮೊದಲ ಭೇಟಿಯಲ್ಲೇ ಇದನ್ನು ಮಾಡಬೇಕು, ಹೊಟ್ಟೆ ಖಾಲಿ ಇರಬೇಕಿಲ್ಲ. 75 ಗ್ರಾಂ ಗ್ಲೂಕೋಸ್ 300 ಮಿಲಿಲೀಟರ್ ನೀರಿಗೆ ಹಾಕಿ, ಗಟಗಟ ಅಲ್ಲ, ಐದು–ಹತ್ತು ನಿಮಿಷದಲ್ಲಿ ಮುಗಿಸಿ. ಗಂಟಲಿಗೆ ಅಂಟುವಷ್ಟು ಸಿಹಿ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಬರಬೇಕು. ಎರಡು ಗಂಟೆಯ ನಂತರ ರಕ್ತದಲ್ಲಿ 140 ಅಥವಾ ಜಾಸ್ತಿ ಬಂದರೆ ಶುಗರ್ ಇದೆ ಎಂದರ್ಥ. ಆಗ ಮೊದಲು ಊಟದ ಪಥ್ಯ, ನಡಿಗೆ. ಎರಡು ವಾರದಲ್ಲಿ ಹತೋಟಿಗೆ ಬರದಿದ್ದರೆ ಔಷಧಿ ಅಥವಾ ಇನ್ಸುಲಿನ್.

ಮೊದಲ ಸಲ ನಾರ್ಮಲ್ ಬಂತು ಅಂತ ಸುಮ್ಮನಾಗಬೇಡಿ. 24–28ನೇ ವಾರದ ತಾರೀಖನ್ನು ತಾಯಿ ಕಾರ್ಡಿನ ಮೇಲೆ ಈಗಲೇ ಬರೆದಿಡಿ. ಶುಗರ್ ಬಂದಿದ್ದವರು ಹೆರಿಗೆಯಾಗಿ ಆರು ವಾರಕ್ಕೆ ಮತ್ತೊಮ್ಮೆ ಅದೇ ನೀರು ಕುಡಿಯಬೇಕು. ಬಾಣಂತನದ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಮಗುವಿಗೆ ಲಸಿಕೆ ಹಾಕಿಸುವುದೂ ಆರನೇ ವಾರಕ್ಕೇ ಇರುತ್ತದೆ, ಅವತ್ತೇ ಅಮ್ಮನದೂ ಮುಗಿಸಿಕೊಂಡು ಬರಬಹುದು.