ಬೆರಕೆ ಸೊಪ್ಪು ಕೀಳುವ ಬಗೆ

ಮುಂಗಾರು ಮಳೆ ಎರಡು ಸಲ ಚೆನ್ನಾಗಿ ಹುಯ್ದರೆ ಸಾಕು, ಮಳವಳ್ಳಿ ಕಡೆಯ ನಮ್ಮ ರಾಗಿ ಹೊಲದಲ್ಲಿ ಪೈರಿನ ಜೊತೆಗೇ ಕಳೆಯೂ ಏಳುತ್ತದೆ. ಅದರಲ್ಲಿ ಎಷ್ಟೋ ಗಿಡ ಸಾರಿಗೆ ಬರುವಂಥವು. ಕಳೆ ತೆಗೆಯುವ ದಿನ ನಮ್ಮತ್ತೆ ಮಡಿಲು ಕಟ್ಟಿಕೊಂಡೇ ಹೊಲಕ್ಕಿಳಿಯುತ್ತಾರೆ. ನಾನು ಸೊಪ್ಪು ಕಲಿತಿದ್ದು ಅವರ ಹಿಂದೆಯೇ.

ಬೇರೆಯವರ ಹೊಲವಾದರೆ ಮೊದಲು ಕೇಳಿ: ಔಷಧಿ ಹೊಡೆದಿದ್ದೀರಾ? ಕಬ್ಬಿನ ಗದ್ದೆಗೆ ಕಳೆನಾಶಕ ಹೊಡೆಯುವುದು ಈಗ ಜಾಸ್ತಿ. ಹೊಡೆದಿದ್ದರೆ ಅಲ್ಲಿಯ ಒಂದೆಲೆಯೂ ಬೇಡ. ಚರಂಡಿ ಪಕ್ಕದ್ದೂ ಬೇಡ.

ಅಣ್ಣೆ ಸೊಪ್ಪನ್ನು ತೆನೆ ಬಿಡುವ ಮೊದಲೇ ಚಿವುಟಿ. ಗುಲಾಬಿ ಬಿಳುಪಿನ ತೆನೆ ಬಂತೆಂದರೆ ದಂಟು ನಾರಾಯಿತು. ಮುಳ್ಳುಕೀರೆಯಲ್ಲಿ ಎಳೆ ಕುಡಿ ಮಾತ್ರ. ಹೊನಗೊನ್ನೆ ಬೇಕಾದರೆ ನಾಲೆ ಬದಿಯ ತೇವದ ಬದುವಿಗೆ ಹೋಗಿ. ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಎಲೆಯ ಬುಡದಲ್ಲೇ ತೊಟ್ಟಿಲ್ಲದ ಪುಟ್ಟ ಬಿಳಿ ಹೂಗೊಂಚಲು ಅಂಟಿಕೊಂಡಿರುತ್ತದೆ. ಗೋಣಿ ಸೊಪ್ಪು ನೆಲಕ್ಕೆ ಹಬ್ಬುತ್ತದೆ, ಎಲೆ ದಪ್ಪ, ರುಚಿ ಹುಳಿ.

ಗಣಿಕೆ ಸೊಪ್ಪಿನಲ್ಲಿ ಅವಸರ ಮಾಡಬೇಡಿ. ದತ್ತೂರದ ಎಳೆ ಗಿಡವೂ ಅದೇ ಹೊಲದಲ್ಲಿ ಹುಟ್ಟುತ್ತದೆ, ಅದು ಕಡು ವಿಷ. ಗಣಿಕೆಯ ಹೂ ಚಿಕ್ಕದು, ಬಿಳಿ ನಕ್ಷತ್ರದ ನಡುವೆ ಹಳದಿ ಮೂತಿ. ಕಾಯಿ ಗೊಂಚಲಾಗಿ ಜೋತು ಬೀಳುತ್ತದೆ, ಹಣ್ಣಾದಾಗ ಕಪ್ಪು. ದತ್ತೂರದ ಹೂ ಉದ್ದನೆಯ ಕೊಳವೆ, ಒಂಟಿಯಾಗಿ ಬಿಡುತ್ತದೆ. ಎಲೆ ಹೊಸಕಿದರೆ ಕೆಟ್ಟ ವಾಸನೆ. ಹೂವೋ ಕಾಯೋ ಕಾಣದ ಗಿಡವನ್ನು ಹೊಸಬರು ಬಿಟ್ಟುಬಿಡಿ. ಗಣಿಕೆಯ ಹಸಿರು ಕಾಯಿಯೂ ವಿಷವೇ, ಸೊಪ್ಪಿನ ಜೊತೆ ಬಂದಿದ್ದರೆ ಬಿಡಿಸಿ ಎಸೆಯಿರಿ. ಕಾಂಗ್ರೆಸ್ ಗಿಡವನ್ನಂತೂ ಬರಿಗೈಯಲ್ಲಿ ಮುಟ್ಟಬೇಡಿ, ಎಷ್ಟೋ ಜನರಿಗೆ ಮೈ ಕೆರೆತ ಶುರುವಾಗುತ್ತದೆ.

ಮನೆಗೆ ತಂದ ಮೇಲೆ ಮತ್ತೊಮ್ಮೆ ಮೊರದಲ್ಲಿ ಹರಡಿ, ಎಲೆ ಎಲೆ ನೋಡಿ. ಮಣ್ಣು ಹೋಗುವವರೆಗೆ ನೀರು ಬದಲಾಯಿಸಿ ತೊಳೆಯಿರಿ. ತೊಗರಿಬೇಳೆ ಅರೆಬೆಂದಾಗ ಸೊಪ್ಪು, ಹಸಿಮೆಣಸಿನಕಾಯಿ, ಟೊಮೇಟೊ ಹಾಕಿ. ಬೆಂದ ಮೇಲೆ ಕಟ್ಟು ಬಸಿದಿಟ್ಟು, ಉಪ್ಪು, ಜೀರಿಗೆ, ಹಸಿ ಬೆಳ್ಳುಳ್ಳಿ ಸೇರಿಸಿ ಮಸೆಯಿರಿ. ಮಿಕ್ಸಿ ಬೇಡ, ಸೊಪ್ಪು ಲೋಳೆಯಾಗುತ್ತದೆ. ಕಟ್ಟನ್ನು ಮತ್ತೆ ಬೆರೆಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಒಂದು ಕುದಿ ಕುದಿಸಿ. ಗೋಣಿ ಸೊಪ್ಪು ಜಾಸ್ತಿ ಬಿದ್ದಿದ್ದರೆ ಹುಣಸೆಹಣ್ಣು ಬೇಕಾಗುವುದಿಲ್ಲ. ಮುದ್ದೆ ಬಿಸಿಯಾಗಿರಲಿ.