ಸ್ವಂತ ಬದುಕಿನ ಹಾಸ್ಯವನ್ನು ಬರೆಯುವ ಬಗೆ

ಹಾಸ್ಯ ಪ್ರಬಂಧ ಬರೆಯಲು ಹೊರಟವರು ಮೊದಲು ತಮ್ಮ ದಿನಚರಿಯ ಒಂದೇ ಮೂಲೆಯನ್ನು ಆರಿಸಿಕೊಳ್ಳಬೇಕು. ಮಂಗಳೂರಿನವರಾದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಒಣಗದ ಬಟ್ಟೆಯೊಂದೇ ಹಲವು ಪ್ರಬಂಧಗಳಿಗೆ ಸಾಕು: ಚಾವಡಿಯ ಫ್ಯಾನಿನ ಕೆಳಗೆ ಕಟ್ಟಿದ ಹಗ್ಗ, ಅದರಲ್ಲಿ ಯಾರ ಸಮವಸ್ತ್ರಕ್ಕೆ ಮೊದಲ ಜಾಗ ಎಂಬ ವಾದ, ಒಳಗೆ ಬಂದ ನೆಂಟರ ತಲೆಗೆ ತಾಗುವ ಒದ್ದೆ ಪಂಚೆ. ‘ಮಳೆಯಿಂದ ಬಹಳ ತೊಂದರೆಯಾಯಿತು’ ಎಂದರೆ ಯಾರೂ ನಗುವುದಿಲ್ಲ. ಪಂಚೆಯ ತುದಿಯಿಂದ ಕಾಫಿ ಲೋಟಕ್ಕೆ ಹನಿ ಬಿದ್ದದ್ದನ್ನು ಕಂಡೂ ನೆಂಟರು ಮರ್ಯಾದೆಗೆ ಅದನ್ನು ಪೂರ್ತಿ ಕುಡಿದರು ಎಂದರೆ ನಗುತ್ತಾರೆ. ನಗೆ ಹುಟ್ಟಿಸುವ ಸಂಗತಿ ವಾಕ್ಯದ ಕೊನೆಗೆ ಬರಬೇಕು, ಅದರ ಮೇಲೆ ವಿವರಣೆ ಬೇಡ.

ಯಕ್ಷಗಾನದ ಹಾಸ್ಯಗಾರರನ್ನು ಗಮನಿಸಿ. ಆಶುವಾಗಿ ಮಾತನಾಡುತ್ತಲೇ ಪ್ರಸಂಗದ ಚೌಕಟ್ಟಿನೊಳಗೆ ಉಳಿಯುವ ಅವರ ಶಿಸ್ತು ನನಗಂತೂ ಅತ್ಯುತ್ತಮ ಪಾಠವೆನಿಸಿದೆ.

ವಸ್ತು ಇನ್ನೂ ಖಚಿತವಾಗದಿದ್ದರೆ, ಈವರೆಗೆ ಬರೆದದ್ದನ್ನೆಲ್ಲ ಒಮ್ಮೆಗೇ ಓದಿ, ಮತ್ತೆ ಮತ್ತೆ ಕಾಣಿಸಿಕೊಳ್ಳುವ ಜಾಗವನ್ನು, ಅದು ಅಡುಗೆಮನೆಯಾಗಲಿ ಸಿಟಿ ಬಸ್ಸಾಗಲಿ, ಗುರುತು ಹಾಕಿಕೊಳ್ಳಿ. ಮನೆಯವರ ಕುರಿತು ಬರೆದದ್ದನ್ನು ಪ್ರಕಟಿಸುವ ಮೊದಲು ಅವರಿಗೆ ಓದಿ ಹೇಳಲೇಬೇಕು. ಅವರಿಗೆ ನೋವಾಗುವ ಸಾಲನ್ನು, ಅದೆಷ್ಟೇ ಚೆನ್ನಾಗಿದ್ದರೂ, ಹೊಡೆದುಹಾಕಬೇಕು.