ಏಳೆಂಟ್ಲ ಐವತ್ತಾರು, ಆರು ಸೆಕೆಂಡಿನೊಳಗೆ

ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಇಯರ್ 4 ಮಕ್ಕಳಿಗೆ, ಅಂದರೆ ಎಂಟು-ಒಂಬತ್ತು ವರ್ಷದವರಿಗೆ, ಪ್ರತಿ ಜೂನ್‌ನಲ್ಲಿ ಕಂಪ್ಯೂಟರ್ ಮೇಲೆ ಮಗ್ಗಿ ಪರೀಕ್ಷೆ ಇರುತ್ತದೆ. 2022ರಿಂದ ಕಡ್ಡಾಯ. 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡು, ನಡುವೆ 3 ಸೆಕೆಂಡು ಬಿಡುವು. ನಾಲ್ಕು ನಿಮಿಷದೊಳಗೆ ಮುಗಿದೇ ಹೋಗುತ್ತದೆ. ಪಾಸು-ಫೇಲು ಇಲ್ಲ. ಮನೆಯಲ್ಲಿ ಕನ್ನಡದ ಮಗ್ಗಿ ಕಲಿತ ಮಕ್ಕಳಿಗೂ ಇದಕ್ಕೆ ಬೇರೆಯೇ ತಯಾರಿ ಬೇಕು. ನಾನು ಮಾಡಿಸುವ ಕ್ರಮ ಹೀಗಿದೆ.

ಬಾಯಿಪಾಠದ ತೊಡಕು ಮೊದಲೇ ಕಾಣುತ್ತದೆ. ಪರದೆ ಮೇಲೆ 7 × 8 ಬಂದರೆ ಮಗು "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು" ಅಂತ ತಲೆಯಿಂದ ಶುರು ಮಾಡುತ್ತದೆ. "ಏಳೈದ್ಲ ಮೂವತ್ತೈದು" ತಲುಪುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತದೆ. ಆದ್ದರಿಂದ ಮೊದಲ ವಾರ ಐದರಿಂದಲೇ ಹೇಳಿಸುತ್ತೇನೆ: ಏಳೈದ್ಲ, ಏಳಾರ್ಲ, ಏಳೇಳ್ಲ. ಎರಡನೇ ವಾರದಿಂದ ಸಾಲು ಹೇಳುವುದೇ ಇಲ್ಲ. ದಿನಕ್ಕೆ ಮೂರೇ ಮೂರು ಲೆಕ್ಕ, ಹಿಂದುಮುಂದಾಗಿ. ಏಳೆಂಟ್ಲ ಕೇಳಿದ ಮೇಲೆ ಎಂಟೇಳ್ಲ ಕೇಳಲೇಬೇಕು.

ಇನ್ನೊಂದು ಕೊರತೆಯನ್ನು ಬಹಳ ಮನೆಗಳಲ್ಲಿ ಗಮನಿಸಿರುವುದಿಲ್ಲ. ನಮ್ಮ ಮಗ್ಗಿ ಹತ್ತಕ್ಕೆ ನಿಲ್ಲುತ್ತದೆ, ಅಲ್ಲಿಯದು ಹನ್ನೆರಡರವರೆಗೆ ಹೋಗುತ್ತದೆ. 7 × 12 ಏಳರ ಮಗ್ಗಿಯಲ್ಲಿ ಸಿಗುವುದಿಲ್ಲ, ಹನ್ನೆರಡರ ಮಗ್ಗಿಯಲ್ಲಿ ಹುಡುಕಬೇಕು. 11 × 11, 11 × 12, 12 × 12 ಎಲ್ಲಿಯೂ ಇಲ್ಲ. ಈ ಮೂರನ್ನು (121, 132, 144) ಬೇರೆಯಾಗಿಯೇ ಕಲಿಸಿ.

ಎರಡರಿಂದ ಹನ್ನೆರಡರವರೆಗೆ 121 ಲೆಕ್ಕಗಳಿವೆ. ಹಿಂದುಮುಂದಾದವನ್ನು ಒಂದೇ ಅಂತ ಎಣಿಸಿದರೆ 66. 2, 5, 10ರವು ಮತ್ತು ಹನ್ನೊಂದರ ಸುಲಭದವು ಕಳೆದರೆ ನಿಜಕ್ಕೂ ದುಡಿಯಬೇಕಾದ್ದು 30 ಮಾತ್ರ. ಒಂದು ಹಾಳೆಯಲ್ಲಿ ಮೂವತ್ತು ಮನೆ ಗೀಚಿ, ಮೂರು ಸೆಕೆಂಡಿನೊಳಗೆ ಮೂರು ದಿನ ಸತತ ಬಂದದ್ದಕ್ಕೆ ಮಾತ್ರ ಬಣ್ಣ ತುಂಬಿಸುತ್ತೇನೆ. ಪರೀಕ್ಷೆಯಲ್ಲಿ 6, 7, 8, 9, 12ರ ಮಗ್ಗಿಗಳಿಂದ ತಲಾ ಎರಡರಿಂದ ನಾಲ್ಕು ಪ್ರಶ್ನೆ ಬರುತ್ತವೆ, ಹಾಗಾಗಿ ಹೆಚ್ಚು ಹೊತ್ತು ಅಲ್ಲೇ.

ಆನ್‌ಲೈನ್ ಅಭ್ಯಾಸ ಆರಿಸುವಾಗ ಒಂದೇ ವಿಷಯ ನೋಡಿ: ಉತ್ತರವನ್ನು ಮಗು ಟೈಪ್ ಮಾಡಬೇಕೋ, ತೋರಿಸಿದ ನಾಲ್ಕರಲ್ಲಿ ಆರಿಸಬೇಕೋ? ಆರಿಸುವ ಆಟ ಶುರುವಿಗೆ ಚೆನ್ನಾಗಿದೆ, ಆದರೆ ಅಲ್ಲಿ 56 ಕಣ್ಣೆದುರೇ ಇರುತ್ತದೆ. ಪರೀಕ್ಷೆಯಲ್ಲಿ ಅದು ನೆನಪಿನಿಂದ ಬರಬೇಕು. ಶಾಲೆ ಟೈಮ್ಸ್ ಟೇಬಲ್ಸ್ ರಾಕ್ ಸ್ಟಾರ್ಸ್ ಎಂಬ ಮಗ್ಗಿ ಅಭ್ಯಾಸದ ತಾಣಕ್ಕೆ ಲಾಗಿನ್ ಕೊಟ್ಟಿದ್ದರೆ ಅದರ ಸೌಂಡ್‌ಚೆಕ್ ಆಟ ಇದೇ ಅಳತೆಯದು: 25 ಪ್ರಶ್ನೆ, ತಲಾ 6 ಸೆಕೆಂಡು. ದಿನಕ್ಕೆ ಎರಡು ಸುತ್ತು ಸಾಕು. ಮೂರನೆಯದರಲ್ಲಿ ಬೆರಳು ದಣಿದು ತಪ್ಪು ಹೆಚ್ಚುತ್ತದೆ, ಆ ತಪ್ಪನ್ನು ನೋಡಿ ಮಗುವಿಗೆ ಬರುವುದಿಲ್ಲ ಅಂದುಕೊಂಡುಬಿಡುತ್ತೇವೆ.

ತಪ್ಪುಗಳನ್ನು ಬರೆದಿಟ್ಟರೆ ಎರಡು ಗುಂಪು ಕಾಣುತ್ತವೆ. 54 ಮತ್ತು 56 ಅದಲುಬದಲಾಗುವುದು ನೆನಪಿನ ತಪ್ಪು. ಆರೊಂಬತ್ಲ, ಏಳೆಂಟ್ಲ ಎರಡನ್ನೂ ಜೊತೆಗಿಟ್ಟು ಕೇಳಬೇಕು. 14ರ ಬದಲು 41 ಬಂದರೆ ಅದು ಕೈಯ ತಪ್ಪು. ಇಂಗ್ಲಿಷಿನ ಫೋರ್ಟೀನ್‌ನಲ್ಲಿ ನಾಲ್ಕು ಮೊದಲು ಕೇಳಿಸುತ್ತದೆ; ಕನ್ನಡದ ಹದಿನಾಲ್ಕು ಹತ್ತರಿಂದಲೇ ಶುರುವಾಗುವುದರಿಂದ ಮನಸ್ಸಿನಲ್ಲಿ ಕನ್ನಡದಲ್ಲೇ ಹೇಳಿಕೊಂಡು ಟೈಪ್ ಮಾಡಲಿ. ಇಪ್ಪತ್ತರೊಳಗಿನ ಸಂಖ್ಯೆಗಳಿಗೆ ಇದು ನಿಜವಾಗಿ ಸಹಾಯ ಮಾಡುತ್ತದೆ.

ಶಾಲೆಯಲ್ಲಿ ಟ್ಯಾಬ್ಲೆಟ್ಟೋ ಲ್ಯಾಪ್‌ಟಾಪೋ ಅಂತ ಕೇಳಿ ತಿಳಿದುಕೊಳ್ಳಿ. ಫೋನಿನಲ್ಲಿ ಡಯಲ್ ಮಾಡುವಾಗ 1-2-3 ಮೇಲಿರುತ್ತದೆ, ಕೀಬೋರ್ಡಿನ ಬಲಬದಿಯಲ್ಲಿ 7-8-9 ಮೇಲಿರುತ್ತದೆ. ಒಂದರಲ್ಲಿ ಪಳಗಿದ ಬೆರಳು ಇನ್ನೊಂದರಲ್ಲಿ ತಡವರಿಸುತ್ತದೆ.

ಅಸಲಿ ಪ್ರಶ್ನೆಗಳಿಗೆ ಮುಂಚೆ ಅಂಕವಿಲ್ಲದ ಮೂರು ಪ್ರಶ್ನೆ ಬರುತ್ತವೆ, ಕೀಲಿಗಳ ಜಾಗ ನೋಡಿಕೊಳ್ಳಲು ಅವನ್ನು ಬಳಸಲಿ. ಎಂಟರ್ ಒತ್ತುವ ಮೊದಲು ಉತ್ತರ ತಿದ್ದಬಹುದು, ಒತ್ತಿದ ಮೇಲೆ ಆಗದು. ಒತ್ತಲು ಮರೆತರೂ ಸಮಯ ಮುಗಿದಾಗ ಪರದೆ ಮೇಲಿದ್ದ ಅಂಕಿಯೇ ದಾಖಲಾಗುತ್ತದೆ. ಇದನ್ನು ಮಗುವಿಗೆ ಮೊದಲೇ ಹೇಳಿಟ್ಟಿರಿ.